ಮಂಗಳ ಹಾಡುವವರಿಲ್ಲದ ಆಟ

ಕುಂಸಿಯಿಂದ ಓದುಗರೊಬ್ಬರು ಈ ಅಂಕಣಕ್ಕೆ ಬರೆದಿದ್ದಾರೆ. ಪದವಿ ಮುಗಿಸಿ ಊರಿಗೆ ಮರಳಿದ ಯುವಕ. ಜೊತೆಯಲ್ಲಿ ಓದಿದವರೆಲ್ಲ ಬೆಂಗಳೂರು ಸೇರಿದ್ದಾರೆ. ಹಗಲು ಅಂಗಡಿಯ ಕೆಲಸದಲ್ಲಿ ಸರಿದುಹೋಗುತ್ತದೆ, ಸಂಜೆ ಮಾತ್ರ ಸರಿಯುವುದಿಲ್ಲ. ಹಳೆಯ ಸಹಪಾಠಿಯೊಬ್ಬ ಆನ್‌ಲೈನಿನಲ್ಲಿ ಪಾತ್ರ ವಹಿಸಿ ಆಡುವ ಗುಂಪೊಂದಕ್ಕೆ ಕರೆದಿದ್ದಾನೆ. ಮನೆಯವರು ‘ಚಟ ಹತ್ತುತ್ತದೆ’ ಎಂದು ತಡೆಯುತ್ತಿದ್ದಾರೆ. ಸೇರಬಹುದೇ ಎಂಬುದು ಅವರ ಪ್ರಶ್ನೆ.

ಸೇರಬಹುದು ಎಂಬುದೇ ನನ್ನ ಅಭಿಪ್ರಾಯ. ಆದರೆ ಒಳಗೆ ಹೋಗುವ ಮೊದಲು ಹೊರಗೆ ಬರುವ ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು.

ಈ ಆಟದ ಹೆಸರು ಹೊಸದಾದರೂ ನಮ್ಮ ಕಡೆಯವರಿಗೆ ಅದರ ಸ್ವರೂಪ ಅಪರಿಚಿತವಲ್ಲ. ತಾಳಮದ್ದಳೆಯನ್ನು ನೆನಪಿಸಿಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿ ಸಂದರ್ಭ ಕಟ್ಟಿಕೊಡುತ್ತಾರೆ. ಅರ್ಥಧಾರಿಗಳು ಎದುರುಬದುರು ಕುಳಿತು, ಒಬ್ಬ ಕೃಷ್ಣನಾಗಿ, ಒಬ್ಬ ಕೌರವನಾಗಿ ಆಗಲೇ ಹೊಳೆದ ಮಾತನ್ನು ಆಡುತ್ತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲೂ ಹೀಗೆಯೇ: ಒಬ್ಬ ಸೂತ್ರಧಾರ, ಉಳಿದವರು ಪಾತ್ರಧಾರಿಗಳು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇಂಥದ್ದೊಂದು ಆಟವನ್ನು ಹಲವರು ಒಟ್ಟಿಗೆ ಆಡುವಂತೆ ಕಂಪ್ಯೂಟರಿಗೆ ಅಳವಡಿಸಿದರು. ಇಂದು ಅದು ಅಂಗೈಯಲ್ಲಿರುವ ಮೊಬೈಲಿಗೆ ಬಂದು ಕುಳಿತಿದೆ.

ಇದರಿಂದ ಒಳ್ಳೆಯದೇನೂ ಇಲ್ಲವೆಂದು ತಿಳಿಯಬೇಡಿ. ಒಂಟಿತನವೂ ಆರೋಗ್ಯವನ್ನು ಕೆಡಿಸುತ್ತದೆ. ಪ್ರಪಂಚದಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರಲ್ಲಿ ವರದಿ ಮಾಡಿತು. ಹದಿಹರೆಯದವರು ಮತ್ತು ಯುವಜನರಲ್ಲಿ ಅದು ಇನ್ನೂ ಹೆಚ್ಚು. ನಾಲ್ಕು ಜನರೆದುರು ಬಾಯಿ ಬಿಡದ ಹುಡುಗ ಪಾತ್ರದ ಮರೆಯಲ್ಲಿ ಧೈರ್ಯವಾಗಿ ಮಾತನಾಡಲು ಕಲಿಯಬಹುದು. ವಾರಕ್ಕೊಮ್ಮೆ ನನ್ನನ್ನು ಕಾಯುವವರಿದ್ದಾರೆ ಎಂಬ ಭಾವನೆ ಸಣ್ಣದಲ್ಲ.

ಹಾಗಾದರೆ ಅಪಾಯವೆಲ್ಲಿ? ತಾಳಮದ್ದಳೆಯಲ್ಲಿ ಕೊನೆಗೆ ಭಾಗವತರು ಮಂಗಳ ಹಾಡುತ್ತಾರೆ. ಅಷ್ಟು ಹೊತ್ತು ಹರಿತವಾಗಿ ವಾದಿಸಿದ ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತು ಕಾಫಿ ಕುಡಿಯುತ್ತಾರೆ. ಆನ್‌ಲೈನಿನ ದೊಡ್ಡ ಆಟಗಳಲ್ಲಿ ಮಂಗಳವೇ ಇಲ್ಲ. ನೀವು ಮಲಗಿದರೂ ಆ ಲೋಕ ನಡೆಯುತ್ತಲೇ ಇರುತ್ತದೆ. ಜೊತೆಗೆ ಗುಂಪಿನ ಹಂಗು ಬೇರೆ. ಗಾಯಾಳುಗಳನ್ನು ಉಪಚರಿಸುವ ಪಾತ್ರ ನಿಮ್ಮದಾದರೆ, ನೀವು ಎದ್ದುಹೋದ ಕೂಡಲೇ ಉಳಿದವರ ಆಟ ಕೆಡುತ್ತದೆ. ಹೊಸಬರಿಗೆ ಈ ದಾಕ್ಷಿಣ್ಯ ಹೆಚ್ಚು. ‘ಇನ್ನು ಹತ್ತೇ ನಿಮಿಷ’ ಎನ್ನುತ್ತ ಬೆಳಗಾಗುವುದು ಹೆಚ್ಚಾಗಿ ಆಟದ ರುಚಿಯಿಂದಲ್ಲ, ಈ ದಾಕ್ಷಿಣ್ಯದಿಂದ.

ಗುಂಪಿನವರು ಯಾವ ದೇಶದವರೆಂಬುದನ್ನೂ ನೋಡಿಕೊಳ್ಳಿ. ಇಂಗ್ಲೆಂಡಿನಲ್ಲಿ ರಾತ್ರಿ ಎಂಟು ಎಂದರೆ ನಮ್ಮಲ್ಲಿ ಮಧ್ಯರಾತ್ರಿ ಕಳೆದು ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಅವರಿಗೆ ಸಂಜೆಯ ವಿನೋದ, ನಿಮಗೆ ನಿದ್ರೆಗೇಡು. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ನಿದ್ರೆ ಕೆಟ್ಟರೆ ನೆನಪು, ಸಿಟ್ಟು, ಹಸಿವು ಎಲ್ಲವೂ ಹದ ತಪ್ಪುತ್ತವೆ.

ಇಷ್ಟಾದರೂ, ಆಡುವವರೆಲ್ಲ ರೋಗಿಗಳಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಆಟದ ಗೀಳಿಗೆ ಸ್ಥಾನ ಸಿಕ್ಕಿದೆ. ಅದರ ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಊಟ, ಕೆಲಸ, ನೆಂಟರು ಎಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ಬಿಡಲಾಗದಿರುವುದು. ಇವು ಸಾಮಾನ್ಯವಾಗಿ ಒಂದು ವರ್ಷವಾದರೂ ಮುಂದುವರಿದು ಬದುಕನ್ನು ಹದಗೆಡಿಸಿದಾಗ ಮಾತ್ರ ಅದನ್ನು ರೋಗವೆನ್ನುತ್ತಾರೆ. ಆಡುವವರಲ್ಲಿ ಈ ಸ್ಥಿತಿಗೆ ಇಳಿಯುವವರು ಕೆಲವರೇ. ಹಾಗೆಂದು ವರ್ಷ ತುಂಬುವ ತನಕ ಕಾಯಬೇಕಿಲ್ಲ.

ಸೇರುವ ಮುನ್ನ ಇಷ್ಟು ಮಾಡಿ. ಮೊದಲ ದಿನವೇ ಗುಂಪಿನವರಿಗೆ ‘ನಾನು ಹತ್ತೂವರೆಗೆ ಏಳುತ್ತೇನೆ’ ಎಂದು ಹೇಳಿಬಿಡಿ. ಒಳ್ಳೆಯ ಗುಂಪುಗಳು ಆಟಕ್ಕೆ ಮುಂಚೆಯೇ ಸೇರಿ, ಯಾವ ವಿಷಯ ಬೇಡ, ಯಾವಾಗ ನಿಲ್ಲಿಸಬೇಕು ಎಂದು ಮಾತಾಡಿಕೊಳ್ಳುತ್ತವೆ. ನಿಮ್ಮ ಮಾತಿಗೆ ನಗುವ ಗುಂಪು ನಿಮಗೆ ತಕ್ಕದ್ದಲ್ಲ. ಪ್ರತಿದಿನ ಕರೆಯುವ ಗುಂಪಿಗಿಂತ ವಾರಕ್ಕೊಂದು ಬಾರಿ ಕೂಡುವ ಗುಂಪು ಮೇಲು. ನಿಜವಾದ ವಿಳಾಸ, ಫೋಟೊ, ಬ್ಯಾಂಕಿನ ವಿವರ, ಓಟಿಪಿ ಯಾರಿಗೂ ಕೊಡಬೇಡಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಕತ್ತಿ, ಕವಚ, ಬಣ್ಣದ ಉಡುಪು ಎಂದು ಆಟದೊಳಗೆ ಹಣ ಸುರಿಯಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣನ್ನು ಪರದೆಯಿಂದ ತೆಗೆದು ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ. ಗಂಟೆಗೊಮ್ಮೆ ಎದ್ದು ಓಡಾಡಿ. ಆಟದಲ್ಲಿ ಬಂದ ಸಿಟ್ಟು ಊಟದ ಎಲೆಯ ತನಕ ಬಂದರೆ ಒಂದು ವಾರ ಬಿಡುವು ಕೊಡಿ. ಆ ವಾರ ಹೇಗೆ ಕಳೆಯಿತು ಎಂಬುದೇ ನಿಮ್ಮ ಪರೀಕ್ಷೆ.

ಹೆತ್ತವರಿಗೆ ಒಂದು ಮಾತು. ಮೊಬೈಲ್ ಕಸಿದುಕೊಳ್ಳುವುದು ಸುಲಭ, ಖಾಲಿ ಸಂಜೆಯನ್ನು ತುಂಬುವುದು ಕಷ್ಟ. ಒಂದು ದಿನ ಮಗನ ಪಕ್ಕದಲ್ಲಿ ಕುಳಿತು ‘ನಿನ್ನ ಪಾತ್ರ ಯಾವುದು?’ ಎಂದು ಕೇಳಿ. ಕೇಳುವವರಿದ್ದರೆ ಮುಚ್ಚಿಡುವ ಅಗತ್ಯ ಕಡಿಮೆಯಾಗುತ್ತದೆ. ಪಾತ್ರ ವಹಿಸುವ ಆಸೆಗೆ ಬೇರೆ ದಾರಿಗಳೂ ಇವೆ. ಕುಂಸಿಯ ಮೇಲೆ ಹಾದುಹೋಗುವ ತಾಳಗುಪ್ಪ ರೈಲು ಸಾಗರಕ್ಕೂ ಹೋಗುತ್ತದೆ. ಅಲ್ಲಿಗೆ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಇದೆ. ಒಂದು ನಾಟಕ ನೋಡಿ ಬರಲಿ, ಊರಿನಲ್ಲೇ ನಾಲ್ಕು ಜನ ಸೇರಿ ಒಂದು ಪ್ರಸಂಗವನ್ನು ಹಿಡಿಯಲಿ.

ಹಿಡಿತ ತಪ್ಪಿದೆ ಎನಿಸಿದರೆ ನಾಚಿಕೆ ಬೇಡ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಇದಕ್ಕೆಂದು ‘ಷಟ್’ ಎಂಬ ಚಿಕಿತ್ಸಾಲಯ ಆರಂಭವಾಗಿದೆ.

ಕುಂಸಿಯ ಓದುಗರೇ, ಆಡಿ. ಆದರೆ ಆ ಲೋಕದಲ್ಲಿ ಭಾಗವತರಿಲ್ಲ ಎಂಬುದು ನೆನಪಿರಲಿ. ಹತ್ತೂವರೆಗೆ ಮಂಗಳ ಹಾಡಬೇಕಾದವರು ನೀವೇ.