ಹಾರ ಹಾಕಿದ್ದಾಯಿತು, ಇನ್ನು ಲೆಕ್ಕವನ್ನೂ ಕೇಳೋಣ

ಪುತ್ತೂರಿನಿಂದ ಸುಬ್ರಹ್ಮಣ್ಯದವರೆಗೆ ಯಾವ ಗೂಡಂಗಡಿಯಲ್ಲಿ ನಿಂತು "ಒಂದು ಜೀರಾ ಕೊಡಿ" ಅಂದರೂ ಅಂಗಡಿಯವರು ಯಾವ ಕಂಪನಿಯದ್ದು ಅಂತ ಕೇಳುವುದಿಲ್ಲ. ಬಿಂದು ಬಾಟಲಿ ತೆಗೆದು ಎದುರಿಗೆ ಇಡುತ್ತಾರೆ. ಹೊಟ್ಟೆ ಉಬ್ಬರಕ್ಕೆ ಅಜ್ಜಿ ಕುದಿಸಿ ಕೊಡುತ್ತಿದ್ದ ಜೀರಿಗೆ ನೀರು ಗ್ಯಾಸ್ ತುಂಬಿಕೊಂಡು ಅಂಗಡಿಗೆ ಬಂದದ್ದು ನಮ್ಮ ಕಣ್ಣೆದುರೇ.

ಆ ಬಾಟಲಿಯ ಹಿಂದಿರುವ ಸತ್ಯಶಂಕರ್ ಅವರ ಕಥೆ ಈ ಮೂರು ತಾಲೂಕುಗಳಲ್ಲಿ ಬಹಳ ಮಂದಿಗೆ ಬಾಯಿಪಾಠ. ಸುಳ್ಯ ತಾಲೂಕಿನ ಬೆಳ್ಳಾರೆಯವರು. ಪಿಯುಸಿ ನಂತರ ಮನೆಯ ಬಡತನದಿಂದ ಓದು ನಿಂತಿತು. 1980ರ ದಶಕದಲ್ಲಿ ಸಾಲ ಮಾಡಿ ಆಟೊ ತೆಗೆದರು, ಓಡಿಸಿದರು, ಸಾಲ ತೀರಿಸಿದರು. ಆಮೇಲೆ ಅಂಬಾಸಿಡರ್ ಕಾರು, ಪುತ್ತೂರಿನಲ್ಲಿ ಬಿಡಿಭಾಗಗಳ ಅಂಗಡಿ, ಟಯರ್, ವಾಹನ ಸಾಲದ ಹಣಕಾಸು ಸಂಸ್ಥೆ. 2000ದಲ್ಲಿ ಬಿಂದು ಕುಡಿಯುವ ನೀರು, 2002ರಲ್ಲಿ ಜೀರಾ. ಪುತ್ತೂರಿನ ಪಕ್ಕದ ನರಿಮೊಗರಿನಲ್ಲಿ ಕಾರ್ಖಾನೆ.

ಅದು ಎಂಥಾ ಕಾಲ ಅಂತಲೂ ನೆನಪಿಡಬೇಕು. 1977ರಲ್ಲಿ ದೇಶ ಬಿಟ್ಟು ಹೋಗಿದ್ದ ಕೋಕಾ ಕೋಲಾ 1993ರಲ್ಲಿ ವಾಪಸು ಬಂತು. ಬಂದ ವರ್ಷವೇ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಮೂರನ್ನೂ ಕೊಂಡುಕೊಂಡಿತು. ಪೆಪ್ಸಿ ಮೊದಲೇ ಬಂದಾಗಿತ್ತು. ಅಂಥ ಮಾರುಕಟ್ಟೆಗೆ ಬೆಳ್ಳಾರೆಯ ಮಾಜಿ ಆಟೊ ಚಾಲಕರೊಬ್ಬರು ಕೋಲಾ ಅಲ್ಲದ, ನಮ್ಮ ಅಡುಗೆಮನೆಯ ರುಚಿಯೊಂದನ್ನು ಹಿಡಿದುಕೊಂಡು ಇಳಿದರು. ಇದು ಸಣ್ಣ ಧೈರ್ಯವಲ್ಲ.

ಹಾಗಾಗಿಯೇ ಇಂಥವರಿಗೆ ನಮ್ಮ ಊರಿನ ಸಭೆಗಳಲ್ಲಿ ಶಾಲು, ಹಾರ, ಪೇಟ, ಫಲಪುಷ್ಪ ಸಿಗುತ್ತದೆ. ಸಿಗಲಿ. ಆದರೆ ಸನ್ಮಾನ ಪತ್ರ ಓದುವಾಗ ನಾವು ಒಂದು ತಪ್ಪು ಮಾಡುತ್ತೇವೆ. ಉದ್ಯಮಿ ಯಾರೇ ಇರಲಿ, "ಕೊಡುಗೈ ದಾನಿ" ಎಂದು ಶುರು ಮಾಡುತ್ತೇವೆ. ದೇವಸ್ಥಾನಕ್ಕೆ ಎಷ್ಟು, ಶಾಲೆಗೆ ಎಷ್ಟು ಎಂದು ಹೇಳಿ ಮುಗಿಸುತ್ತೇವೆ. ಊರಿನಲ್ಲಿ ಕೊಟ್ಟ ಕೆಲಸದ ವಿಷಯ ಎಲ್ಲೋ ನಡುವೆ ಒಂದು ಸಾಲಿನಲ್ಲಿ ಹೋಗಿಬಿಡುತ್ತದೆ.

ನಮ್ಮ ಪ್ರಕಾರ ಅದು ತಲೆಕೆಳಗು. ಸುಳ್ಯ, ಕಡಬದ ಹಳ್ಳಿಗಳಲ್ಲಿ ಡಿಗ್ರಿ ಮುಗಿದ ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಬಸ್ಸು ಹತ್ತುತ್ತಾರೆ. ಮನೆಯಲ್ಲಿ ಅಪ್ಪ ಅಮ್ಮ, ನಾಲ್ಕು ಅಡಿಕೆ ಮರ, ಒಂದು ನಾಯಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ಮನೆಗೆ ಬರುವಂಥ ಕೆಲಸ ಹತ್ತಿರದಲ್ಲಿದ್ದರೆ ಒಂದು ಮನೆಯ ಬಾಗಿಲು ತೆರೆದಿರುತ್ತದೆ. ದಾನ ಒಂದು ದಿನದ್ದು, ಸಂಬಳ ಪ್ರತಿ ತಿಂಗಳಿನದ್ದು. ಊರಿನಲ್ಲೇ ಕಾರ್ಖಾನೆ ಕಟ್ಟಿದ್ದೇ ಸತ್ಯಶಂಕರ್ ಅವರ ದೊಡ್ಡ ಸಮಾಜಸೇವೆ ಎಂದು ನಾವು ನಂಬುತ್ತೇವೆ.

ಆದರೆ ಮೆಚ್ಚುಗೆ ಅಲ್ಲಿಗೆ ನಿಲ್ಲಬಾರದು. ದಾನಿಯ ಎದುರು ನಾವು ಕೈಮುಗಿದು ನಿಲ್ಲುತ್ತೇವೆ, ಪ್ರಶ್ನೆ ಕೇಳುವುದಿಲ್ಲ. ಕಾನೂನು ಮಾತ್ರ ಹಾಗೆ ನೋಡುವುದಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ, ಅಥವಾ 1,000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಮೌಲ್ಯ ಇರುವ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ 2 ಶೇಕಡವನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ತಾನು ಕೆಲಸ ಮಾಡುವ ಊರಿನ ಆಸುಪಾಸಿಗೆ ಆದ್ಯತೆ ಕೊಡಬೇಕು ಎಂದೂ ಕಾಯ್ದೆ ಹೇಳುತ್ತದೆ.

ಇನ್ನೊಂದು ವಿಷಯ ನಮ್ಮ ಸಮಿತಿಗಳವರು ಗಮನಿಸಬೇಕು. ಹೆಸರು ಹಾಕಿಸಿಕೊಂಡು ಪ್ರಚಾರಕ್ಕಾಗಿ ಕೊಟ್ಟ ಪ್ರಾಯೋಜಕತ್ವ ಈ ಲೆಕ್ಕಕ್ಕೆ ಸೇರುವುದಿಲ್ಲ. ಕಬಡ್ಡಿ ಪಂದ್ಯದ ಬ್ಯಾನರು, ಯಕ್ಷಗಾನದ ಸ್ವಾಗತ ಗೋಪುರ ಜಾಹೀರಾತೇ ಹೊರತು ಸಮಾಜಸೇವೆ ಅಲ್ಲ. ಜಾಹೀರಾತು ತಪ್ಪೇನಲ್ಲ, ಅದನ್ನು ಸೇವೆ ಎಂದು ಕರೆಯುವುದು ತಪ್ಪು. ಈ ಗೆರೆ ದಾಟಿದ ಕಂಪನಿಗೆ ವೆಬ್‌ಸೈಟ್ ಇದ್ದರೆ, ಅದು ಯಾವ ಯೋಜನೆ ಮಾಡುತ್ತಿದೆ ಎಂಬುದನ್ನು ಅಲ್ಲಿ ಹಾಕಲೇಬೇಕು. ಇದನ್ನು ಓದುತ್ತಿರುವ ಫೋನಿನಲ್ಲೇ ನೀವು ಅದನ್ನೂ ನೋಡಬಹುದು.

ಹಾಗಾದರೆ ಪಾನೀಯದ ಕಂಪನಿಯೊಂದರಿಂದ ನಮ್ಮ ಊರು ಏನು ಕೇಳಬೇಕು? ನಾವು ಮೂರು ಹೇಳುತ್ತೇವೆ.

ಮೊದಲನೆಯದು ನೀರು. ಮಳೆಗಾಲದಲ್ಲಿ ನಮ್ಮಲ್ಲಿ ಅಂಗಳವೇ ಹೊಳೆ. ಏಪ್ರಿಲ್ ಬಂದರೆ ಬಾವಿಯ ತಳ ಕಾಣುತ್ತದೆ. ಕೇರಳದ ಪ್ಲಾಚಿಮಡದಲ್ಲಿ ಕೋಕಾ ಕೋಲಾ ಘಟಕದಿಂದ ಬಾವಿ ನೀರು ಕೆಟ್ಟಿತೆಂದು 2002ರಲ್ಲಿ ಊರವರು ಧರಣಿ ಕೂತರು. ಅಲ್ಲಿನ ಗ್ರಾಮ ಪಂಚಾಯತ್ ಪರವಾನಗಿ ನವೀಕರಿಸಲು ಒಪ್ಪಲಿಲ್ಲ. 2004ರಲ್ಲಿ ಘಟಕ ನಿಂತಿತು. ಇಲ್ಲಿ ಹಾಗಾಗಿದೆ ಎಂದು ನಾವು ಹೇಳುತ್ತಿಲ್ಲ. ಹಾಗಾಗುವ ಮೊದಲೇ ಎಷ್ಟು ನೀರು ತೆಗೆಯುತ್ತೀರಿ, ಎಷ್ಟು ಇಂಗಿಸುತ್ತೀರಿ ಎಂದು ಗ್ರಾಮಸಭೆಯಲ್ಲಿ ಕೇಳುವ ಅಭ್ಯಾಸ ಬೇಕು. ನೀರು ಮಾರುವ ಪ್ರತಿ ಕಂಪನಿಗೂ ಈ ಪ್ರಶ್ನೆ ಒಂದೇ.

ಎರಡನೆಯದು ಖಾಲಿ ಬಾಟಲಿ. ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಯ ಮರುದಿನ ಗದ್ದೆ ನೋಡಿ, ಷಷ್ಠಿ ಕಳೆದ ಮೇಲೆ ಕುಮಾರಧಾರೆಯ ದಡ ನೋಡಿ. ಯಾವ ಕಂಪನಿಯದ್ದು ಎಂದು ಹೆಸರು ಹಿಡಿದು ಹೇಳುವ ಅಗತ್ಯವಿಲ್ಲ, ಎಲ್ಲರದ್ದೂ ಇರುತ್ತದೆ. ಪ್ಲಾಸ್ಟಿಕ್ ತಂದವರೇ ಅದರ ವಿಲೇವಾರಿಯ ಹೊಣೆಯನ್ನೂ ಹೊರಬೇಕು ಎಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ ಹೇಳುತ್ತದೆ. ಬಾಟಲಿ ತುಂಬಿದ ಲಾರಿ ಪ್ರತಿ ಅಂಗಡಿಗೂ ಬರುತ್ತದೆ. ವಾಪಸು ಹೋಗುವಾಗ ಅದು ಖಾಲಿ ಬಾಟಲಿಯ ಚೀಲ ಒಯ್ಯಬಾರದೇ?

ಮೂರನೆಯದು ಹಣ್ಣು. ಗೇರಿನ ಬಗ್ಗೆಯೇ ಸಂಶೋಧನೆ ನಡೆಸುವ ಕೇಂದ್ರ ಸರಕಾರದ ನಿರ್ದೇಶನಾಲಯ ಪುತ್ತೂರಿನಲ್ಲೇ ಇದೆ. ಆದರೂ ಬೀಜ ತಿರುಚಿ ತೆಗೆದ ಮೇಲೆ ಗೇರುಹಣ್ಣು ಮರದ ಬುಡದಲ್ಲೇ ಕೊಳೆಯುತ್ತದೆ. ಪುನರ್ಪುಳಿಯದ್ದೂ ಹೆಚ್ಚುಕಡಿಮೆ ಅದೇ ಪಾಡು. ಅಡಿಕೆಗೆ ದರ ಇಲ್ಲದಾಗ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಕೊಕ್ಕೊ ಕೊಳ್ಳುವವರಿಲ್ಲದಾಗ ಅದೇ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ತೆರೆಯಿತು. ಊರಿನ ಬೆಳೆಯನ್ನು ಊರಿನ ಕಾರ್ಖಾನೆ ಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಾವು ಹೊರಗೆ ಉದಾಹರಣೆ ಹುಡುಕಬೇಕಾಗಿಲ್ಲ. ಜೀರಿಗೆಯನ್ನು ಬಾಟಲಿಗೆ ಇಳಿಸಿದ ಊರಿಗೆ ಗೇರುಹಣ್ಣು, ಪುನರ್ಪುಳಿ ಆಗದ ಮಾತಲ್ಲ. ಒಂದು ಕಿಲೋಗೆ ಇಷ್ಟು ಎಂದು ದರ ಹೇಳಿ ಕೊಂಡರೆ ಅದು ಹತ್ತು ಸಭಾಭವನಕ್ಕೆ ಸಮ.

ಇದನ್ನೆಲ್ಲ ಕೇಳುವುದು ಅಸೂಯೆ ಅಲ್ಲ. ಗೊತ್ತಿಲ್ಲದವರ ಹತ್ತಿರ ಯಾರೂ ಇಷ್ಟು ಕೇಳುವುದಿಲ್ಲ, ನಮ್ಮವರು ಅಂತಲೇ ಕೇಳುವುದು. ಆಟೊ ಓಡಿಸಿ ಸಾಲ ತೀರಿಸಿದವರಿಗೆ ಲೆಕ್ಕ ಎಂದರೆ ಏನು ಎಂದು ನಾವು ಹೇಳಿಕೊಡಬೇಕಾಗಿಲ್ಲ.

ಮುಂದಿನ ಸಲ ನಿಮ್ಮೂರಿನ ವೇದಿಕೆಯಲ್ಲಿ ಉದ್ಯಮಿಯೊಬ್ಬರಿಗೆ ಸನ್ಮಾನ ಇದ್ದರೆ ಜೋರಾಗಿ ಚಪ್ಪಾಳೆ ತಟ್ಟಿ. ಸಭೆ ಮುಗಿದ ಮೇಲೆ ಹತ್ತಿರ ಹೋಗಿ, ನಮ್ಮೂರಿನ ಎಷ್ಟು ಮಕ್ಕಳಿಗೆ ಕೆಲಸ ಕೊಟ್ಟಿದ್ದೀರಿ, ಇನ್ನೆಷ್ಟು ಮಂದಿಗೆ ಕೊಡಬಹುದು ಅಂತ ಕೇಳಿ. ಉತ್ತರ ಸಿಕ್ಕಿದರೆ ನಮಗೂ ತಿಳಿಸಿ, ಬರೆಯುತ್ತೇವೆ.