ಮನೆಯ ಮುಂದಣ ಬೆಟ್ಟ

ಹೆಣ್ಣುಮಕ್ಕಳನ್ನು ವಿದ್ಯಾರ್ಜನೆಗಾಗಿ ಸಮುದ್ರದಾಚೆಯ ದೇಶಗಳಿಗೆ ಕಳುಹಿಸಲು ಇಂದು ಅನೇಕ ತಾಯಿತಂದೆಗಳು ಹಿಂಜರಿಯುವುದಿಲ್ಲ. ಆದರೆ ಅದೇ ಮಕ್ಕಳನ್ನು ಗೆಳತಿಯರೊಡನೆ ಊರ ಪಕ್ಕದ ಬೆಟ್ಟಕ್ಕೆ ಕಳುಹಿಸಲು ಅವರ ಮನಸ್ಸು ಇನ್ನೂ ಒಡಂಬಡದು. ಈ ವೈಪರೀತ್ಯವನ್ನು ಕುರಿತು ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಎರಡು ಮಾತು ಅರಿಕೆ ಮಾಡಿಕೊಳ್ಳಬೇಕೆಂದು ನನ್ನ ಇಚ್ಛೆ. ಹಿರಿಯರು ಇದನ್ನು ದೂರೆಂದು ಎಣಿಸದೆ, ಹಳೆಯ ವಿದ್ಯಾರ್ಥಿನಿಯೊಬ್ಬಳ ಬಿನ್ನಹವೆಂದು ಭಾವಿಸಬೇಕು.

ನನ್ನ ಊರು ಚನ್ನಪಟ್ಟಣದ ಸಮೀಪದ ದೊಡ್ಡಮಳೂರು. ಅಪ್ರಮೇಯಸ್ವಾಮಿಯ ಗುಡಿಯಿಂದಲೂ ಅಲ್ಲಿಯ ಅಂಬೆಗಾಲು ಕೃಷ್ಣನಿಂದಲೂ ಆ ಊರು ನಾಡಿಗೆಲ್ಲ ಪರಿಚಿತವಾದುದು. ರಜೆ ಮುಗಿದು ವಿದ್ಯಾರ್ಥಿನಿಲಯಕ್ಕೆ ಮರಳುವಾಗ ಚನ್ನಪಟ್ಟಣದಲ್ಲಿ ಬೆಂಗಳೂರಿನ ರೈಲನ್ನು ಹತ್ತುತ್ತಿದ್ದೆನು. ರಾಮನಗರದ ಬಳಿ ಬಂಡೆಬೆಟ್ಟಗಳು ಕಿಟಕಿಯಲ್ಲಿ ಒಂದೊಂದಾಗಿ ಬಂದು ಹಿಂದೆ ಸರಿಯುತ್ತಿದ್ದವು. ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ, ಬೆಟ್ಟಗಳ ಹೆಸರೆತ್ತಿ ಮೊದಲಾಗುವ 121ನೆಯ ಕೀರ್ತನೆಯನ್ನು ಎಷ್ಟೋ ಸಾರಿ ಹಾಡಿದೆವು. ಆದರೂ ಶಾಲೆಯಲ್ಲಿ ಕಳೆದ ವರ್ಷಗಳಲ್ಲಿ ಒಂದು ಬೆಟ್ಟವನ್ನಾದರೂ ನಾನು ಹತ್ತಲಿಲ್ಲ. ಅಣ್ಣಂದಿರು ಹತ್ತಿ ಬಂದರು. ನಾನು ಕೇಳಿದಾಗ, "ಹೆಣ್ಣುಹುಡುಗಿ, ನಿನಗೇಕೆ?" ಎಂಬುದೇ ಉತ್ತರವಾಗಿತ್ತು.

ಮುಂದೆ ದೇವರ ದಯೆಯಿಂದ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ಓದುವ ಅವಕಾಶ ಒದಗಿತು. ಆ ಊರು ಕನ್ನಡಿಗರಿಗೆ ತೀರ ಪರಸ್ಥಳವಲ್ಲ. 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗರು ದೈವಶಾಸ್ತ್ರವನ್ನು ಕಲಿತದ್ದು ಅಲ್ಲಿ. 1894ರಲ್ಲಿ ಪ್ರಕಟವಾದ ಕನ್ನಡ ನಿಘಂಟಿನ ಕರ್ತೃಗಳಾದ ಫರ್ಡಿನೆಂಡ್ ಕಿಟ್ಟೆಲರು 1903ರಲ್ಲಿ ಕಣ್ಮುಚ್ಚಿದ್ದೂ ಅಲ್ಲಿಯೇ. ಆ ಊರಿನಿಂದ ಸ್ವಲ್ಪ ದೂರದಲ್ಲಿ ಸ್ವಾಬಿಯನ್ ಆಲ್ಬ್ ಎಂಬ ಬೆಟ್ಟಸಾಲು ಇರುವುದು. ಶನಿವಾರ ಬಂದಿತೆಂದರೆ ವಿದ್ಯಾರ್ಥಿಗಳೂ ವಿದ್ಯಾರ್ಥಿನಿಯರೂ ಬುತ್ತಿ ಕಟ್ಟಿಕೊಂಡು ಅತ್ತ ಹೊರಡುವರು. 1888ರಲ್ಲಿ ಸ್ಥಾಪಿತವಾದ ಸಂಘವೊಂದು ಅಲ್ಲಿಯ ಕಾಲುದಾರಿಗಳನ್ನು ಕಾಪಾಡುತ್ತ, ದಾರಿಯುದ್ದಕ್ಕೂ ಗುರುತುಗಳನ್ನಿಟ್ಟು, ಹೊಸಬರು ದಾರಿ ತಪ್ಪದಂತೆ ನೋಡಿಕೊಳ್ಳುತ್ತಿದೆ.

ಒಂದು ನವೆಂಬರ್ ತಿಂಗಳ ಶನಿವಾರ ನಾವು ನಾಲ್ವರು ಗೆಳತಿಯರು ರೈಲಿನಲ್ಲಿ ಬಾಡ್ ಉರಾಖ್ ಎಂಬ ಚಿಕ್ಕ ಪಟ್ಟಣಕ್ಕೆ ಹೋದೆವು. 37 ಮೀಟರು ಎತ್ತರದಿಂದ ಬೀಳುವ ಅಲ್ಲಿಯ ಜಲಪಾತವನ್ನು ನೋಡಿಕೊಂಡು, ಮೇಲಿರುವ ಪಾಳುಕೋಟೆಯನ್ನು ಹತ್ತಬೇಕೆಂಬುದು ನಮ್ಮ ಸಂಕಲ್ಪ. ಹತ್ತು ನಿಮಿಷದೊಳಗೆ ನಾನು ಏದುಸಿರುಬಿಟ್ಟು ಹಿಂದೆ ಬಿದ್ದೆನು. "ನೀವು ಮುಂದೆ ಹೋಗಿರಿ, ನಾನು ನಿಧಾನವಾಗಿ ಬರುವೆನು" ಎಂದೆನು. ಗೆಳತಿಯರು ಒಪ್ಪಲಿಲ್ಲ. ನನ್ನನ್ನೇ ಎಲ್ಲರಿಗಿಂತ ಮುಂದೆ ನಿಲ್ಲಿಸಿ, ತಾವು ಹಿಂದೆ ಬಂದರು. ಅತಿ ನಿಧಾನವಾಗಿ ನಡೆಯುವವಳ ನಡಿಗೆಯೇ ಎಲ್ಲರ ನಡಿಗೆಯಾಗತಕ್ಕದ್ದೆಂಬುದು ಅವರ ನಿಯಮ. ಅರ್ಧ ದಾರಿಯಲ್ಲಿ ಮಂಜು ಕವಿಯಿತು. ಅಷ್ಟು ದೂರ ಬಂದು ಹಿಂದಿರುಗುವುದೇ ಎಂದು ನನಗೆ ಸಂಕಟವಾಯಿತು. ಅವರು ಮಾತ್ರ ಕೊಂಚವೂ ಬೇಸರವಿಲ್ಲದೆ ಹಿಂದಿರುಗಿದರು. ಆ ರಾತ್ರಿ ಅಲ್ಲಿಯ ಯುವಜನ ನಿವಾಸದಲ್ಲಿ ತಂಗಿದ್ದು, ಮರುದಿನ ಮಂಜು ಹರಿದ ಮೇಲೆ ಕೋಟೆಯನ್ನು ಹತ್ತಿದೆವು. ತರಗತಿಯಲ್ಲಿ ಮುಂದಿರುವುದನ್ನಷ್ಟೇ ಕಲಿತಿದ್ದ ನನಗೆ, ಹಿಂದುಳಿದವಳನ್ನು ಮುಂದಿಟ್ಟು ನಡೆಯುವುದನ್ನೂ ಹಿಂದಿರುಗುವುದರ ಘನತೆಯನ್ನೂ ಕಲಿಸಿದ್ದು ಆ ಎರಡು ದಿನಗಳು.

ಕೋಟೆಯ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿರುವಾಗ ಗೆಳತಿಯೊಬ್ಬಳು ಸುರುಳಿಯಾಕಾರದ ಕಲ್ಲೊಂದನ್ನು ನನ್ನ ಕೈಯಲ್ಲಿಟ್ಟಳು. ಅದು ಸುಮಾರು 15 ಕೋಟಿ ವರ್ಷಗಳ ಹಿಂದೆ, ಆ ನೆಲವು ಸಮುದ್ರದ ತಳವಾಗಿದ್ದಾಗ ಬಾಳಿದ ಜೀವಿಯ ಅವಶೇಷವಂತೆ. "ನಿನ್ನ ಊರಿನ ಬೆಟ್ಟದ ಕಲ್ಲಿಗೆ ವಯಸ್ಸೆಷ್ಟು?" ಎಂದು ಆಕೆ ಕೇಳಿದಳು. ನಾನು ತಲೆತಗ್ಗಿಸಿದೆನು. ಆ ಬಳಿಕ ಪುಸ್ತಕಗಳನ್ನು ತೆರೆದು ನೋಡಿದೆನು. ರಾಮನಗರದ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಆ ಊರಿನ ಹಿಂದಿನ ಹೆಸರಿನಿಂದಲೇ ಲೋಕದ ಭೂಶಾಸ್ತ್ರಜ್ಞರು ಈ ಶಿಲೆಯನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವರು. ಆಲ್ಬ್ ಸಾಲಿನ ಅತ್ಯುನ್ನತ ಶಿಖರವು 1015 ಮೀಟರು. ನಮ್ಮ ಮಾಗಡಿಯ ಸಾವನದುರ್ಗವು 1226 ಮೀಟರು! ಮನೆಯ ಮುಂದಿನ ಬೆಟ್ಟಕ್ಕಿಂತ ಗಿಡ್ಡವಾದುದನ್ನು ಹತ್ತಲು ನಾನು ಅರ್ಧ ಭೂಮಿಯನ್ನು ದಾಟಬೇಕಾಯಿತು.

ಅಲ್ಲಿಯ ಹೆಣ್ಣುಮಕ್ಕಳಿಗೆ ಈ ಸ್ವಾತಂತ್ರ್ಯವು ತಾನಾಗಿಯೇ ಬಂದಿತೆಂದು ಯಾರೂ ತಿಳಿಯಬಾರದು. ಟ್ಯೂಬಿಂಗನ್ನಿನಲ್ಲಿ ಮಾರಿಯಾ ಫಾನ್ ಲಿಂಡೆನ್ ಎಂಬಾಕೆ 1892ರಲ್ಲಿ ವಿಶೇಷ ಅಪ್ಪಣೆಯಿಂದ ಓದತೊಡಗಿದಳು. ಉಳಿದ ಸ್ತ್ರೀಯರಿಗೆ ಬಾಗಿಲು ತೆರೆದದ್ದು 1904ರಲ್ಲಿ. ನೆರೆಯ ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಸಂಘವು 1907ರಲ್ಲಿ ಸ್ತ್ರೀಯರನ್ನು ಹೊರಗಿಟ್ಟಿತು. ಅವರು ಅಳುತ್ತ ಕೂರಲಿಲ್ಲ. 1918ರಲ್ಲಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಇನ್ನು ನಾವು ತಂಗಿದಂತಹ ಯುವಜನ ನಿವಾಸಗಳ ಮೂಲಪುರುಷನು ರಿಚರ್ಡ್ ಶಿರ್‌ಮನ್ ಎಂಬ ಶಾಲಾ ಉಪಾಧ್ಯಾಯನು. ಮಕ್ಕಳನ್ನು ಕಾಡುಬೆಟ್ಟಗಳಲ್ಲಿ ನಡೆಸಿಕೊಂಡು ಹೋಗುತ್ತಿದ್ದ ಆತನಿಗೆ 1909ರಲ್ಲಿ ಈ ಆಲೋಚನೆ ಹುಟ್ಟಿತು. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಸ್ಥಿರನಿವಾಸವು ತೆರೆಯಿತು. ಶಾಲೆಯೊಂದರ ಉಪಾಧ್ಯಾಯನು ಮನಸ್ಸು ಮಾಡಿದರೆ ಎಷ್ಟಾಗುವುದೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

"ಬೆಟ್ಟದಲ್ಲಿ ಅಪಾಯವಿಲ್ಲವೆ?" ಎಂದು ತಾಯಂದಿರು ಕೇಳುವರು. ಇಲ್ಲವೆಂದು ನಾನು ಹೇಳಲಾರೆನು. ಮಳೆಯಲ್ಲಿ ನೆನೆದ ಬಂಡೆ ಜಾರುವುದು. ಕತ್ತಲೆಯಲ್ಲಿ ದಾರಿ ತಪ್ಪುವುದು. ಕೆಟ್ಟ ಮನುಷ್ಯರೂ ಲೋಕದಲ್ಲಿ ಉಂಟು. ಆದರೆ ಅಪಾಯವನ್ನರಿತು ನಡೆಯುವುದು ಒಂದು ವಿದ್ಯೆ. ಅದನ್ನು ಕಲಿಸದೆ ಮಗಳನ್ನು ಪರದೇಶಕ್ಕೆ ಕಳುಹಿಸುವುದು ಅದಕ್ಕಿಂತ ದೊಡ್ಡ ಅಪಾಯ. ಹೋಗುವ ದಾರಿಯನ್ನೂ ಹಿಂದಿರುಗುವ ಹೊತ್ತನ್ನೂ ಮನೆಯಲ್ಲಿ ತಿಳಿಸಿ ಹೊರಡುವುದು, ಗುಂಪನ್ನು ಬಿಡದಿರುವುದು, ಬಿಸಿಲಿಳಿಯುವ ಮೊದಲು ಕೆಳಗಿರುವುದು – ಇವನ್ನು ಹದಿಮೂರು ವರ್ಷದ ಹುಡುಗಿಯೂ ಕಲಿಯಬಲ್ಲಳು. ಅಂಬೆಗಾಲಿಕ್ಕುವ ಮಗುವು ಬೀಳುವುದೆಂದು ಯಾವ ತಾಯಿಯೂ ಅದನ್ನು ತೊಟ್ಟಿಲಲ್ಲಿಯೇ ಕಟ್ಟಿಹಾಕುವುದಿಲ್ಲವಷ್ಟೆ!

ಆದಕಾರಣ ನಮ್ಮ ಶಾಲೆಯ ಆಡಳಿತದವರಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ಪ್ರೌಢಶಾಲೆಯ ಪ್ರತಿಯೊಂದು ತರಗತಿಯ ಬಾಲಿಕೆಯರನ್ನೂ ವರ್ಷಕ್ಕೆ ಎರಡು ಬಾರಿ, ಮಳೆಗಾಲ ಕಳೆದ ಮೇಲೆ, ಉಪಾಧ್ಯಾಯಿನಿಯರೊಡನೆ ಒಂದು ಬೆಟ್ಟಕ್ಕೆ ಕರೆದೊಯ್ಯಬೇಕು. ಇಚ್ಛೆಯುಳ್ಳ ತಾಯಂದಿರೂ ಜೊತೆಗೆ ಬರಲಿ. ಅವರಲ್ಲಿಯೂ ಅನೇಕರು ಬೆಟ್ಟವನ್ನು ಹತ್ತಿದವರಲ್ಲ. ಅರಣ್ಯ ಇಲಾಖೆಯ ಅಪ್ಪಣೆ ಬೇಕಾದಲ್ಲಿ ಅದನ್ನು ಪಡೆಯಬೇಕು. ರಾಮದೇವರ ಬೆಟ್ಟವು 2012ರಿಂದ ರಣಹದ್ದುಗಳ ರಕ್ಷಿತಧಾಮವಾಗಿರುವುದರಿಂದ ಅಲ್ಲಿ ಮೆಲುದನಿಯಲ್ಲಿ ಮಾತನಾಡುವ ಶಿಕ್ಷಣವೂ ದೊರೆಯುವುದು. ಭೂಗೋಳದ ಪಾಠವನ್ನು ಬಂಡೆಯ ಮೇಲೆ ಕುಳಿತು ಹೇಳಿಕೊಡಲಿ. 121ನೆಯ ಕೀರ್ತನೆಯನ್ನು ಒಂದು ಸಾರಿಯಾದರೂ ಪುಸ್ತಕದಿಂದ ಕಣ್ಣೆತ್ತಿ, ಬೆಟ್ಟವನ್ನು ನೋಡುತ್ತ ಹಾಡಲಿ.

ಪ್ರಿಯ ಸಹೋದರಿಯರೇ, ನೀವು ನಾಳೆ ಯಾವ ದೇಶಕ್ಕೆ ಹೋಗುವಿರೋ ದೇವರೇ ಬಲ್ಲನು. ಅಲ್ಲಿ ಯಾರಾದರೂ ನಿಮ್ಮ ಊರಿನ ಬೆಟ್ಟವನ್ನು ಕುರಿತು ಕೇಳಿಯೇ ಕೇಳುವರು. ಆಗ ನೀವು ನನ್ನಂತೆ ತಲೆತಗ್ಗಿಸದೆ, ಹತ್ತಿ ನೋಡಿದವರ ಧೈರ್ಯದಿಂದ ಉತ್ತರ ಹೇಳುವಂತಾಗಲಿ. ಹತ್ತುವಾಗ ಹಿಂದುಳಿದ ಗೆಳತಿಯನ್ನು ಮುಂದೆ ನಿಲ್ಲಿಸಿಕೊಳ್ಳುವುದನ್ನು ಮಾತ್ರ ಮರೆಯದಿರಿ.