ಉಸಿರಿನ ಪರೀಕ್ಷೆ ತಾಲೂಕು ತಲುಪೀತೇ?

ಸೇವೆಯಲ್ಲಿದ್ದ ಕಾಲದಲ್ಲಿ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳನ್ನು ಸುತ್ತುವಾಗ ನನಗೆ ಮನವರಿಕೆಯಾದ ಸಂಗತಿಯೊಂದಿದೆ. ದೀರ್ಘಕಾಲದ ಕಾಯಿಲೆಯಿಂದ ನರಳುವ ಬಡವರಿಗೆ ಎಷ್ಟೋ ಸಲ ಔಷಧಕ್ಕಿಂತ ಪ್ರಯಾಣವೇ ದುಬಾರಿ. ಮಲಪ್ರಭಾ ಕಾಲುವೆಯ ಅಚ್ಚುಕಟ್ಟಿನಲ್ಲಿ ದುಡಿಯುವ ಕೂಲಿಯವರಾಗಲಿ, ಪಟ್ಟೇದಂಚು ಸೀರೆ ನೇಯುವ ಗಜೇಂದ್ರಗಡದ ನೇಕಾರರಾಗಲಿ, ತಜ್ಞ ವೈದ್ಯರನ್ನು ಕಾಣಲು ಗದುಗಿಗೋ ಹುಬ್ಬಳ್ಳಿಗೋ ಹೊರಟರೆ ಬಸ್ಸಿನ ದರದೊಂದಿಗೆ ಒಂದು ದಿನದ ಗಳಿಕೆಯೂ ಹೋಗುತ್ತದೆ. ಹೀಗಾಗಿ ಮೊದಲ ತಪಾಸಣೆಗೆ ಹೋದವರು ಮರುತಪಾಸಣೆಗೆ ಹೋಗುವುದಿಲ್ಲ.

ಉಸಿರಿನಲ್ಲೇ ರೋಗದ ಸುಳಿವು ಹಿಡಿಯುವ ಲೇಸರ್ ಉಪಕರಣಗಳ ಬಗ್ಗೆ ಓದುವಾಗಲೆಲ್ಲ ನನಗೆ ಈ ಊರುಗಳು ನೆನಪಾಗುತ್ತವೆ. ಅವುಗಳ ತತ್ತ್ವ ಸರಳ. ಪ್ರತಿಯೊಂದು ಬಗೆಯ ಅಣುವೂ ತನಗೇ ವಿಶಿಷ್ಟವಾದ ತರಂಗಾಂತರದ ಬೆಳಕನ್ನು ಹೀರುತ್ತದೆ. ಉಸಿರು ತುಂಬಿದ ಕೊಳವೆಯ ಎರಡು ತುದಿಗಳಲ್ಲಿ ಕನ್ನಡಿಗಳನ್ನಿಟ್ಟು, ಲೇಸರ್ ಕಿರಣವನ್ನು ಸಾವಿರಾರು ಬಾರಿ ಹಿಂದೆ ಮುಂದೆ ಓಡಿಸಿದರೆ, ಬೆಳಕು ಎಷ್ಟು ಬೇಗ ಕುಂದಿತೆಂಬುದರಿಂದ ಶತಕೋಟಿಯಲ್ಲಿ ಕೆಲವೇ ಭಾಗದಷ್ಟಿರುವ ಅನಿಲವನ್ನೂ ಅಳೆಯಬಹುದು. ಮಧುಮೇಹ ಉಲ್ಬಣಿಸಿದಾಗ ಅಸಿಟೋನ್, ಮೂತ್ರಪಿಂಡ ಸೋತಾಗ ಅಮೋನಿಯ, ಕೆಲವು ಬಗೆಯ ಉಬ್ಬಸದಲ್ಲಿ ನೈಟ್ರಿಕ್ ಆಕ್ಸೈಡ್ ಉಸಿರಿನಲ್ಲಿ ಹೆಚ್ಚುತ್ತದೆ.

ಇವುಗಳಲ್ಲಿ ಯಾವುದು ಪಕ್ವವಾಗಿದೆ, ಯಾವುದು ಇಲ್ಲ ಎಂಬುದನ್ನು ಬೇರ್ಪಡಿಸಿ ನೋಡಬೇಕು. ಅಮೆರಿಕದ ಕೊಲರಾಡೊದಲ್ಲಿ ಜುನ್ ಯೇ ಅವರ ತಂಡ 2008ರಲ್ಲಿ ಲೇಸರ್ ಬಾಚಣಿಗೆ ಎಂಬ ತಂತ್ರದಿಂದ ಉಸಿರನ್ನು ವಿಶ್ಲೇಷಿಸಿತು. 2023ರಲ್ಲಿ 170 ಜನರ ಉಸಿರಿನಲ್ಲಿ ಕೋವಿಡ್ ಗುರುತಿಸುವ ಪ್ರಯೋಗವನ್ನೂ ಪ್ರಕಟಿಸಿತು. ಅದು ಇನ್ನೂ ಪ್ರಯೋಗಾಲಯದ ಮಾತು. ಆದರೆ ಜಠರದ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯವನ್ನು ಉಸಿರಿನಿಂದ ಪತ್ತೆಹಚ್ಚುವುದು ವೈದ್ಯಕೀಯದಲ್ಲಿ ಸ್ಥಿರಪಟ್ಟ ವಿಧಾನ. ಕೊಲ್ಕತ್ತದ ಎಸ್.ಎನ್. ಬೋಸ್ ರಾಷ್ಟ್ರೀಯ ಕೇಂದ್ರದಲ್ಲಿ ಮಾಣಿಕ್ ಪ್ರಧಾನ್ ಅವರ ತಂಡ ಇದಕ್ಕಾಗಿಯೇ ‘ಪೈರೊ-ಬ್ರೆತ್’ ಎಂಬ ಲೇಸರ್ ಆಧಾರಿತ ಉಪಕರಣವನ್ನು ರೂಪಿಸಿದೆ.

ಈ ಸೋಂಕಿಗೆ ಔಷಧ ಕೊಟ್ಟ ನಾಲ್ಕು ವಾರಗಳ ನಂತರ ಅದು ನಿರ್ಮೂಲವಾಯಿತೇ ಎಂದು ಮತ್ತೆ ಪರೀಕ್ಷಿಸಬೇಕು. ನಮ್ಮ ಹಳ್ಳಿಗಳಲ್ಲಿ ತಪ್ಪಿಹೋಗುವುದು ಈ ಎರಡನೆಯ ಪರೀಕ್ಷೆಯೇ. ಗ್ಲುಕೋಮೀಟರ್ ಈಗಾಗಲೇ ಅಗ್ಗವಾಗಿರುವುದರಿಂದ ಸಕ್ಕರೆ ಅಳೆಯಲು ಲೇಸರ್ ತರಬೇಕಾಗಿಲ್ಲ. ಪ್ರಯಾಣವನ್ನು ಉಳಿಸುವ ಕಡೆಯಷ್ಟೇ ಅದರ ಪ್ರಯೋಜನ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇನ್ನೊಂದು ಅನುಕೂಲವೂ ಕಾಣುತ್ತದೆ. ಇಂತಹ ಉಪಕರಣದಲ್ಲಿ ಸ್ಥಿರ ವೆಚ್ಚವೇ ದೊಡ್ಡದು, ಪ್ರತಿ ಪರೀಕ್ಷೆಯ ಹೆಚ್ಚುವರಿ ವೆಚ್ಚ ಸಣ್ಣದು. ಹೆಚ್ಚು ಜನ ಬಳಸಿದಷ್ಟೂ ತಲಾ ಖರ್ಚು ಇಳಿಯುತ್ತದೆ. ಆದ್ದರಿಂದ ತಾಲೂಕಿಗೊಂದು ಯಂತ್ರ ಬೇಡ. ಮೂರು ತಾಲೂಕುಗಳ ಸಂತೆಗಳಿಗೆ ಸರದಿಯಂತೆ ಹೋಗುವ ಒಂದೇ ಯಂತ್ರ ಸಾಕು.

ಹಾಗೆಂದು ಇಂದೇ ಟೆಂಡರ್ ಕರೆಯಿರಿ ಎಂದು ನಾನು ಹೇಳುವುದಿಲ್ಲ. ಉಸಿರು ಊಟ, ಹೊಗೆ, ಉಪವಾಸಗಳಿಂದ ಬದಲಾಗುತ್ತದೆ. ಶ್ರಾವಣ ಸೋಮವಾರ ಉಪವಾಸವಿದ್ದ ಆರೋಗ್ಯವಂತರ ಉಸಿರಿನಲ್ಲೂ ಅಸಿಟೋನ್ ಏರುತ್ತದೆ. ಕಟ್ಟಿಗೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ತಾಯಿಯ ಉಸಿರಿನ ಅಳತೆ ಕೊಲರಾಡೊದ ವಿದ್ಯಾರ್ಥಿಯ ಅಳತೆಗೆ ಹೊಂದಲಾರದು. ನಮ್ಮ ಜನರ ಸಹಜ ಪ್ರಮಾಣ ಎಷ್ಟೆಂಬುದು ನಮ್ಮಲ್ಲೇ ನಿರ್ಧಾರವಾಗಬೇಕು.

ಉತ್ತರ ಕರ್ನಾಟಕದ ಆಸ್ಪತ್ರೆಯೊಂದರಲ್ಲಿ ಬೆಲೆಬಾಳುವ ಯಂತ್ರವೊಂದು ತಂತ್ರಜ್ಞರಿಲ್ಲದೆ, ದುರಸ್ತಿಯ ಒಪ್ಪಂದವಿಲ್ಲದೆ ಹೊದಿಕೆಯಡಿ ಮಲಗಿದ್ದನ್ನು ನಾನೇ ಕಂಡಿದ್ದೇನೆ. ಖರೀದಿಯ ಕಡತ ನಿಷ್ಕಳಂಕವಾಗಿತ್ತು; ರೋಗಿಗೆ ಮಾತ್ರ ಪ್ರಯೋಜನವಾಗಿರಲಿಲ್ಲ. ಇದಕ್ಕೆ ವ್ಯತಿರಿಕ್ತವಾದ ಮಾದರಿಯೂ ನಮ್ಮಲ್ಲಿದೆ. ಬೆಂಗಳೂರಿನ ಬಿಗ್‌ಟೆಕ್ ಅಭಿವೃದ್ಧಿಪಡಿಸಿದ, ಬ್ಯಾಟರಿಯಿಂದ ನಡೆಯುವ ಟ್ರೂನ್ಯಾಟ್ ಕ್ಷಯರೋಗ ಪರೀಕ್ಷೆ ಮೊದಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರಿಶೀಲನೆಗೆ ಒಳಗಾಯಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಅನುಮೋದಿಸಿತು.

ಉಸಿರಿನ ಪರೀಕ್ಷೆಯೂ ಅದೇ ಹಾದಿಯಲ್ಲಿ ಬರಬೇಕು. ಗದುಗಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅದರ ನೇತೃತ್ವದಲ್ಲಿ ಈ ಮೂರು ತಾಲೂಕುಗಳಲ್ಲಿ ಒಂದು ವರ್ಷ, ರೂಢಿಯ ಪರೀಕ್ಷೆಗಳ ಜೊತೆಜೊತೆಗೇ ಉಸಿರಿನ ಪರೀಕ್ಷೆಯನ್ನೂ ನಡೆಸಿ ಫಲಿತಾಂಶವನ್ನು ಸಾರ್ವಜನಿಕರ ಮುಂದಿಡಲಿ. ಎಷ್ಟು ಯಂತ್ರ ಕೊಂಡೆವೆಂಬುದನ್ನಷ್ಟೇ ಅಲ್ಲ, ಎಷ್ಟು ಜನರ ಕೂಲಿ ಉಳಿಯಿತು, ಎಷ್ಟು ಜನ ಮರುತಪಾಸಣೆಗೆ ಬಂದರು ಎಂಬುದನ್ನೂ ಲೆಕ್ಕವಿಡಲಿ. ಆ ಲೆಕ್ಕ ಸರಿಹೊಂದಿದರೆ ಕೊಳ್ಳೋಣ. ಹೊಂದದಿದ್ದರೆ ಆ ಹಣದಲ್ಲಿ ತಾಲೂಕು ಆಸ್ಪತ್ರೆಗೆ ಒಬ್ಬ ತಂತ್ರಜ್ಞರನ್ನು ನೇಮಿಸುವುದೇ ಲೇಸು.